ಮಕಾತೊ ಮನೆಬಾಗಿಲಿನ ಕೆಂಪು ದಾಸವಾಳ

ಉತೊ ಅಕ್ಕ ಯಾರ ಮನೆಯಂಗಳಕ್ಕೆ ಗಿಡ ಆರಿಸಿಕೊಡಲು ಹೋದರೂ ಮೊದಲು ಆ ಮನೆಯ ಕಿಟಕಿಯ ಗಾಜು ನೆಕ್ಕುತ್ತಿದ್ದಳು. ನಗಬೇಡಿ. ಒಕಿನಾವಾದ ನಮ್ಮ ಪುಟ್ಟ ದ್ವೀಪದಲ್ಲಿ ಸಮುದ್ರದ ಗಾಳಿ ಯಾವ ಗೋಡೆಯವರೆಗೆ ಉಪ್ಪು ತರುತ್ತದೆ ಎಂಬುದು ಅವಳ ನಾಲಿಗೆಗೆ ತಿಳಿಯುತ್ತಿತ್ತು. ಉಪ್ಪು ಜಾಸ್ತಿಯಾದರೆ ಕಡಲತೀರದ ಪೊದೆ. ಕಡಿಮೆಯಾದರೆ ಗುಡ್ಡದ ಸುಣ್ಣಕಲ್ಲಿನ ಮೇಲೆ ತಾನಾಗಿ ಬೆಳೆಯುವ ಕಾಡುಕರಿಬೇವು. ಬಿಳಿ ಹೂ ಬಿಟ್ಟರೆ ಓಣಿಯೆಲ್ಲ ಘಮಘಮ. ಹಡಗಿನಲ್ಲಿ ಬರುವ ಚೆಂದದ ಗಿಡಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಒಂದು ಬಿರುಗಾಳಿ ತಡೀದೇ ಇರೋದು ಗಿಡಾನಾ?" ಎಂದು ಮುಖ ಸಿಂಡರಿಸುತ್ತಿದ್ದಳು. ವಯಸ್ಸು ಎಪ್ಪತ್ತು ದಾಟಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಹಿತ್ತಲ ತುಂಬ ಎಣ್ಣೆ ಡಬ್ಬಗಳಲ್ಲಿ ಸಸಿಗಳು. ಅವಳ ಕೈಗಾಡಿ ತಳ್ಳಿ ಅವಳ ಬೈಗುಳ ತಿನ್ನಲು ಪಕ್ಕದ ಮನೆಯ ನಾನು.

ಆ ದಿನ ಬೆಳಿಗ್ಗೆ ಎಂಟಕ್ಕೆ ಅವಳ ಹಿತ್ತಲಿಗೆ ಓಡಿಹೋದೆ.

"ಅಕ್ಕಾ, ಮಕಾತೊ ಮನೆ ಬಾಗಿಲಲ್ಲಿ ಕೆಂಪು ದಾಸವಾಳ! ಒಂದಲ್ಲ, ಆರು ಗಿಡ! ಅವಳ ಸೊಸೆ ಹತ್ಸುಮಿ ನೆಟ್ಟಿದಾಳೆ!"

ಉತೊ ಅಕ್ಕನ ಕೈಯಲ್ಲಿದ್ದ ನೀರಿನ ಚೊಂಬು ಕೆಳಗೆ ಬಿತ್ತು.

ನಮ್ಮಲ್ಲಿ ಕೆಂಪು ದಾಸವಾಳ ಸತ್ತವರ ಹೂ. ಅದರ ಜಾಗ ಸಮಾಧಿಯ ಪಕ್ಕ. ಅಂಥದ್ದು ಈಗ ಮಕಾತೊಳ ಬಾಗಿಲಲ್ಲಿ ಅರಳಿ ನಿಂತಿತ್ತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು, ಎದೆ ಕೊಯ್ಸಿಕೊಂಡು, ಬದುಕಿದೆಯಾ ಬಡಜೀವ ಅಂತ ಅವಳು ವಾಪಸ್ಸು ಬರುವುದು ಅದೇ ದಿನ, ಹನ್ನೊಂದರ ಹಡಗಿಗೆ. ಹೊರಡುವಾಗ ಅವಳು ಊರವರೆದುರೇ ಹೇಳಿ ಹೋಗಿದ್ದಳು: "ಮಗನೇ ಇಲ್ಲ ಅಂದ್ಮೇಲೆ ಸೊಸೆ ಯಾಕೆ? ಬಂದೋಳೇ ಕಳಿಸ್ತೀನಿ. ನಮ್ಮ ರೀತಿನೀತಿ ಗೊತ್ತಿಲ್ಲದವಳು ನಮ್ಮ ಹಿರಿಯರಿಗೆ ಏನು ಧೂಪ ಹಾಕ್ತಾಳೆ?"

ಮಗ ಸೇಕಿಯನ್ನು ಚಳಿಗಾಲದ ಸಮುದ್ರ ನುಂಗಿ, ಹೆಣವನ್ನಷ್ಟೇ ದಡಕ್ಕೆ ಎಸೆದಿತ್ತು. ಹತ್ಸುಮಿ ದೂರದ ಟೋಕಿಯೊದಿಂದ ಅವನ ಕೈಹಿಡಿದು ಬಂದವಳು. ಅಲ್ಲಿ ಅವಳಿಗಾಗಿ ಕಾಯುವವರು ಒಬ್ಬರೂ ಇರಲಿಲ್ಲ. ಇಲ್ಲಿಂದ ಕಳಿಸಿದರೆ ಹುಡುಗಿ ಬೀದಿಪಾಲು.

ಉತೊ ಅಕ್ಕ ಹಿತ್ತಲ ಮೂಲೆಗೆ ಹೋಗಿ ಆರು ಡಬ್ಬ ಎಳೆದಳು. ಐದು ವರ್ಷ ಸಾಕಿದ ಕಾಡುಕರಿಬೇವು, ಮೈತುಂಬ ಹೂ. ನಾನು ಒಂದೇ ಒಂದು ಕೊಡು ಅಂತ ಎರಡು ವರ್ಷ ಗೋಗರೆದಿದ್ದೆ, ಕೊಟ್ಟಿರಲಿಲ್ಲ ಪುಣ್ಯಾತ್ಗಿತ್ತಿ.

"ಏನು ನೋಡ್ತಾ ನಿಂತಿದೀಯಾ? ಗಾಡಿ ತಗೊಂಬಾ!"

ಮಕಾತೊ ಮನೆಯಲ್ಲಿ ಹತ್ಸುಮಿ ಹೊಸ ಏಪ್ರನ್ ಕಟ್ಟಿಕೊಂಡು ಅಂಗಳ ಗುಡಿಸುತ್ತಿದ್ದಳು. "ಉತೊ ಅಮ್ಮಾ, ಹೂ ಚೆನ್ನಾಗಿದೆಯಲ್ವಾ?" ಎಂದು ನಕ್ಕಳು.

"ಕೀಳು," ಎಂದಳು ಉತೊ ಅಕ್ಕ.

"ಯಾಕೆ?"

"ಇದು ಹೆಣದ ಹೂ ಕಣೇ! ನಿಮ್ಮತ್ತೆಗೆ ಹೋಗು ಅಂತ ದಾರಿ ತೋರಿಸ್ತಿದೀಯಾ?"

ಹುಡುಗಿಯ ಮುಖ ಸುಣ್ಣವಾಯಿತು. ಬರಿಗೈಯಲ್ಲೇ ಮಣ್ಣು ಬಗೆಯಲು ಕೂತಳು.

ಗುಂಡಿ ಸಾಲದು, ಡಬ್ಬದ ಬೇರಿಗೆ ಇನ್ನೂ ಆಳ ಬೇಕು. ಕೆಳಗೆ ಹವಳದ ಕಲ್ಲು, ಗುದ್ದಲಿ ಇಟ್ಟರೆ ಕಿಡಿ ಹಾರುತ್ತಿತ್ತು. ಬೇರು ಅಲುಗಿದರೆ ಆ ಬಿಸಿಲಿಗೆ ಹೂವೆಲ್ಲ ಗಳಿಗೆಯಲ್ಲಿ ಉದುರುತ್ತದೆ ಎಂದು ಉತೊ ಅಕ್ಕ ಡಬ್ಬಗಳನ್ನು ತಾನೇ ಕತ್ತರಿಸಿದಳು. ಅಂಗೈ ಕೊಯ್ದು ರಕ್ತ ಬಂತು. "ಅಯ್ಯೋ" ಎಂದದ್ದಕ್ಕೆ ನನಗೇ ಬೈದಳು.

ನಾಲ್ಕು ನೆಟ್ಟಾಗ ಹಡಗು ಕೂಗಿತು. ಐದನೆಯದು ನೆಟ್ಟಾಗ ಬಂದರಿನ ರಸ್ತೆಯಲ್ಲಿ ಕಾರಿನ ಸದ್ದು. ಕಿತ್ತ ದಾಸವಾಳಗಳನ್ನು ನಾನು ಗೋಣಿಗೆ ತುರುಕಿ ಹಂದಿಗೂಡಿನ ಹಿಂದೆ ಎಸೆದೆ. ಆರನೆಯದಕ್ಕೆ ಹತ್ಸುಮಿ ಮಣ್ಣು ತುಳಿಯುತ್ತಿದ್ದಂತೆಯೇ ಕಾರು ನಿಂತಿತು.

ಮಕಾತೊ ಕೋಲೂರಿ ಇಳಿದಳು. ಮೈ ಅರ್ಧಕ್ಕರ್ಧ ಸೊರಗಿತ್ತು, ಕಣ್ಣು ಮಾತ್ರ ಅದೇ ಕಣ್ಣು. ಬಿಳಿ ಹೂಗಳನ್ನು ನೋಡಿದಳು, ಉತೊ ಅಕ್ಕನ ಕೈಯ ರಕ್ತ ನೋಡಿದಳು. ಆಮೇಲೆ ಬಗ್ಗಿ ಕೋಲಿನ ತುದಿಯಿಂದ ಬಿಳಿ ಮರಳಿನ ಮೇಲಿನ ಒಂದು ಕೆಂಪು ಎಸಳನ್ನು ಎಳೆದುಕೊಂಡಳು.

"ಇದು ಎಲ್ಲಿಂದ ಬಂತು?"

"ಗಾಳಿಗೆ ಹಾರಿಬಂದಿರ್ಬೇಕು ಬಿಡು, ಒಳಗೆ ನಡಿ," ಎಂದೆ. ಅಂದು ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ನಾನು ನೆಟ್ಟಿದ್ದೆ ಅತ್ತೆ," ಎಂದಳು ಹತ್ಸುಮಿ.

ಹಾಳಾದವಳೇ, ಬಾಯಿ ಮುಚ್ಚಬಾರದಾ ಎಂದು ನಾನು ಹಲ್ಲು ಕಚ್ಚಿದೆ.

"ಸತ್ತವರ ಹೂ ಅಂತ ಗೊತ್ತಿರ್ಲಿಲ್ಲ. ಅವರನ್ನ ಮಣ್ಣು ಮಾಡಿದ ದಿನ ನೀವೆಲ್ಲ ಅದನ್ನೇ ತಂದಿದ್ರಿ. ನೀವೂ ಎರಡು ಕೈ ತುಂಬ ತಂದಿದ್ರಿ. ಈ ಮನೆಯವರಿಗೆ ತುಂಬ ಇಷ್ಟದ ಹೂ ಇದೇ ಅಂದ್ಕೊಂಡೆ. ನಿಮಗೆ ಸಂತೋಷ ಆಗ್ಲಿ ಅಂತ..."

ಮಕಾತೊ ಎಸಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಗಿಡ ಎಲ್ಲಿ?"

"ಹಂದಿಗೂಡಿನ ಹಿಂದೆ," ಎಂದಳು ಉತೊ ಅಕ್ಕ.

"ಬೇರು ಮುರಿದಿದೀಯಾ?"

"ಉತೊ ಕೀಳಿಸಿದ ಗಿಡದ ಬೇರು ಮುರಿಯುತ್ತಾ? ಆಸ್ಪತ್ರೆಲಿ ನಿನ್ನ ತಲೇನೂ ಕೊಯ್ದ್ರಾ?"

ಮಕಾತೊ ಸೊಸೆಯ ಕಡೆ ತಿರುಗಿದಳು. "ಸೇಕಿಯ ಸಮಾಧಿಗೆ ಪಡುವಣ ಕಡೆ ಬೇಲಿ ಇಲ್ಲ. ಸಂಜೆ ಹೋಗಿ ಅಲ್ಲಿ ನೆಟ್ಟು ಬಾ. ಬೇರು ಹಿಡಿಯೋಕೆ ವರ್ಷ ಬೇಕು, ದಿನಾ ನೀರು ಹಾಕ್ಬೇಕು. ನನ್ನ ಕೈಲಾಗಲ್ಲ, ನೀನೇ ಹಾಕ್ಬೇಕು. ನಾಳೆ ನಾನೂ ಅಲ್ಲೇ ಹೋಗಿ ಮಲಗೋಳು. ಆಗ್ಲೂ ನೀನೇ ಹಾಕ್ಬೇಕು."

ಹತ್ಸುಮಿ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ, ಸೆರಗು ಇದ್ದಿದ್ದರೆ ತೋಯ್ದೇ ಹೋಗುತ್ತಿತ್ತು.

"ಅಳೋದು ಆಮೇಲೆ," ಎಂದು ಉತೊ ಅಕ್ಕ ಗಾಡಿಯಲ್ಲಿದ್ದ ಖಾಲಿ ಚೊಂಬನ್ನು ಅವಳ ಕೈಗೆ ತುರುಕಿದಳು. "ಗೋಣೀಲಿ ಗಿಡ ಒಣಗ್ತಿದೆ, ಮೊದಲು ಹೋಗಿ ನೀರು ಚಿಮುಕಿಸು."