ದರ್ಜಿಯ ಕೊರಳಿನ ಟೇಪು

ನಮ್ಮ ಬೀದಿಯ ದರ್ಜಿ ಹುಟ್ಟುವಾಗಲೇ ಕೊರಳಿಗೆ ಟೇಪು ಸುತ್ತಿಕೊಂಡು ಬಂದ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಅವನ ಮದುವೆಯ ಫೋಟೋದಲ್ಲಿ ಹಾರದ ಕೆಳಗಿನಿಂದ ಅದು ಇಣುಕುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಒಂದು ಅಂಗಿ ಬಿಗಿಯಾಗಲಿಲ್ಲ, ಒಂದು ಪ್ಯಾಂಟು ಜಾರಲಿಲ್ಲ. ಎಲ್ಲ ಟೇಪಿನ ಮಹಿಮೆ ಎಂದು ಬೀದಿ ನಂಬಿತ್ತು.

ಅವನ ಮುತ್ತಜ್ಜನೂ ದರ್ಜಿಯೇ. ಆಗ ಅಂಗಡಿಯಲ್ಲಿ ಟೇಪಿರಲಿಲ್ಲ. ಗಿರಾಕಿಗೊಂದು ಕಾಗದದ ಪಟ್ಟಿ. ಎದೆಗೊಂದು ಕಚ್ಚು, ತೋಳಿಗೊಂದು ಕಚ್ಚು. ಇಲಿ ಪಟ್ಟಿ ತಿಂದರೆ ಗಿರಾಕಿಯ ಹೊಟ್ಟೆಯೂ ಹೋಯಿತು.

ಹೋದ ವಾರ ದರ್ಜಿ ಹೆಡ್‌ಮಾಸ್ಟರ ಕೋಟಿಗೆ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡ. ಮರುದಿನವೇ ಜ್ವರ ಬಂದು ಮಲಗಿದ. ಕೆಲಸ ನಿಲ್ಲಬಾರದೆಂದು ಹೆಂಡತಿ ಪುಸ್ತಕ ನೋಡಿ ಬಟ್ಟೆ ಕತ್ತರಿಸಿಟ್ಟಳು. ಎದ್ದವನು ಹೊಲಿದು ಮುಗಿಸಿ, ಇವತ್ತು ನಾಲ್ಕು ಗಂಟೆಗೆ ಗುಂಡಿ ಹಚ್ಚುತ್ತ ಕೂತಿದ್ದ.

"ಅಲ್ಲ ಕಣೇ, ಕತ್ತರಿಸೋವಾಗ ನನ್ನ ಕೊರಳಿಂದ ಟೇಪು ಹೇಗೆ ಬಿಡಿಸ್ಕೊಂಡೆ? ನಂಗೆ ಎಚ್ಚರಾನೇ ಆಗ್ಲಿಲ್ಲ."

"ಆ ಜಿಡ್ಡನ್ನ ಯಾರು ಮುಟ್ತಾರೆ? ಹೊಸದು ತಂದೆ. ನೋಡಿ, ಎಷ್ಟು ಹಳದಿ!"

ಸೂಜಿ ಬೆರಳಿಗೆ ಚುಚ್ಚಿತು. ದರ್ಜಿ ಎರಡೂ ಟೇಪುಗಳನ್ನು ಮೇಜಿನ ಮೇಲೆ ಚಾಚಿದ. ಎಳೆದೆಳೆದು ಹಿಗ್ಗಿದ್ದ ಹಳೆಯದರ ಮೂವತ್ತೊಂಬತ್ತನೇ ಇಂಚು ಹೊಸದರ ನಲವತ್ತಕ್ಕೆ ಬಂದು ನಿಂತಿತು. ಮೈಯನ್ನೂ ಬಟ್ಟೆಯನ್ನೂ ಹಳೆಯದೇ ಅಳೆಯುವವರೆಗೆ ಸುಳ್ಳಿಗೆ ಸುಳ್ಳು ಸರಿಹೋಗುತ್ತಿತ್ತು. ಈಗ ಮೈಯನ್ನು ಅಳೆದದ್ದು ಹಳೆಯದು, ಬಟ್ಟೆಯನ್ನು ಅಳೆದದ್ದು ಹೊಸದು. ಎದೆಗೆ ಒಂದಿಂಚು ಕಮ್ಮಿ.

ಆ ಬಟ್ಟೆ ಹೆಡ್‌ಮಾಸ್ಟರ ಹೆಂಡತಿ ತೀರಿಕೊಳ್ಳುವ ಮುನ್ನ ಆರಿಸಿ ತಂದದ್ದು. ನೇಯ್ದ ಗಿರಣಿಯೇ ಈಗಿಲ್ಲ. ನಾಳೆ ಅವರ ಬೀಳ್ಕೊಡುಗೆ. ಸಾಲದ್ದಕ್ಕೆ, ಏಳರ ಮಗ್ಗಿ ತಪ್ಪಿದ್ದಕ್ಕೆ ಇದೇ ಮೇಷ್ಟ್ರು ಹಿಂದೆ ಕೊಟ್ಟ ಏಟನ್ನು ದರ್ಜಿಯ ಅಂಗೈ ಇನ್ನೂ ಮರೆತಿರಲಿಲ್ಲ. ಕೋಟಿಗೆಂದು ಅವರು ಬರುವುದು ಐದಕ್ಕೆ, ಅವರ ಐದು ಅಂದರೆ ನಾಲ್ಕೂ ಐವತ್ತು.

"ಒಳಗೆ ಬಿಟ್ಟಿರೋ ಬಟ್ಟೆ ಸಾಕಾಗುತ್ತೇನೇ?"

"ಮಾವ ಹೇಳ್ತಿರಲಿಲ್ವಾ, ಗಿರಾಕಿ ದಪ್ಪಗಾಗೇ ಆಗ್ತಾನೆ ಅಂತ? ಬೇಕಾದಷ್ಟು ಬಿಟ್ಟಿದ್ದೀನಿ. ಮೊದಲು ಉಸಿರಾಡಿ!"

ಅವನು ಉಸಿರಾಡಲಿಲ್ಲ. ಬ್ಲೇಡು ಹಿಡಿದ. ಒಂದು ಎಳೆ ಆಚೀಚೆಯಾದರೆ ಬಟ್ಟೆಯೇ ಹರಿಯುತ್ತದೆ. ಅವಳು ಅಂಚು ಎಳೆದು ಹಿಡಿದಳು, ಅವನು ಹೊಲಿಗೆ ಬಿಚ್ಚಿದ. ಎರಡೂ ಪಕ್ಕಕ್ಕೆ ಅರ್ಧರ್ಧ ಇಂಚು ಬಿಡಿಸಿ, ತೋಳಿನ ಅಂಚನ್ನೂ ಇಳಿಸಿ ಹೊಲಿದ. ಹಳೇ ಹೊಲಿಗೆಯ ಗುರುತು ಅಳಿಸಲು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತುತ್ತಿರುವಾಗಲೇ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

ಹೆಡ್‌ಮಾಸ್ಟರು ಕೋಟು ತೊಟ್ಟರು. ಒಂದನೇ ಗುಂಡಿ. ಎರಡನೆಯದು. ಮೂರನೆಯದನ್ನು ಹಾಕಿ, ಎದೆ ಉಬ್ಬಿಸಿ ಉದ್ದನೆಯ ಉಸಿರೆಳೆದರು. ದರ್ಜಿ ಕಣ್ಣು ಮುಚ್ಚಿಕೊಂಡ. ಗುಂಡಿ ಹಾರಲಿಲ್ಲ.

ಮೇಷ್ಟ್ರು ಕನ್ನಡಿಯ ಮುಂದೆ ತೋಳನ್ನು ಮೆಲ್ಲಗೆ ಸವರಿಕೊಂಡರು. ಆಮೇಲೆ ದರ್ಜಿಯ ಕಡೆ ತಿರುಗಿದರು.

"ಲೋ, ಏಳರ ಮಗ್ಗಿ ಬರ್ತಿರಲಿಲ್ಲ ನಿಂಗೆ. ಮೂವತ್ತು ವರ್ಷ ಅಳತೆ ತಪ್ಪಲಿಲ್ಲ ಅಂತಾರಲ್ಲೋ! ಏನೋ ಮಹಿಮೆ ಆ ಹಳೇ ಟೇಪಿಂದು? ಯಾಕೋ ಬಿಡಲ್ಲ ಅದನ್ನ?"

"ಹೊಸದು ಹಿಡಿದ್ರೆ ಎಲ್ಲರ ಅಳತೆನೂ ಮತ್ತೆ ಬರ್ಕೋಬೇಕು ಸಾರ್. ಸೋಮಾರಿತನ."