ಎಲೆಯಡಿಕೆ ಪಿಶಾಚಿಯ ಸಿನಿಮಾದಲ್ಲಿ ಇಲ್ಲದ್ದು

ಸಾಕತ್ತೆ, ನೀನು ಆ ಗಾಜು ನೆಕ್ಕಿದ್ದನ್ನು ನಾನು ನೋಡಲಿಲ್ಲ. ನೋಡಿದೆ ಎಂದು ಊರ ಮುಂದೆ ಹೇಳಿದ್ದು ಸುಳ್ಳು. ನೀನು ನೆಕ್ಕಿರಲೇ ಇಲ್ಲ.

ನಿನಗೆ ಓದು ಬಾರದು. ಆದರೂ ನಿನ್ನನ್ನೇ ಕರೆದು ಬರೆಯುತ್ತಿದ್ದೇನೆ — ಬೇರೆ ಯಾರಿಗೆ ಹೇಳಹೊರಟರೂ ಅದು ಕಥೆಯಾಗಿಬಿಡುತ್ತದೆ. ಕಥೆ ಕಟ್ಟುವ ಚಾಳಿ ನನ್ನದು. ನೀನು ಹಾಳಾದದ್ದು ಆ ಚಾಳಿಯಿಂದಲೇ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸೇರಿಸಿ ಎಲ್ಲವನ್ನೂ ಇದ್ದ ಹಾಗೆಯೇ ಹೇಳುತ್ತೇನೆ.

ಮದ್ದೂರಿಗೆ ಟೆಂಟ್ ಸಿನಿಮಾ ಬಂದ ವರ್ಷ ನನಗೆ ಹತ್ತು ತುಂಬಿತ್ತೋ ಇಲ್ಲವೋ. ಟೆಂಟಿನ ನೆಲಕ್ಕೆ ಶಿಂಷಾ ಹೊಳೆಯ ಮರಳು ಹೊಡೆಯುವ ಕೆಲಸ ಅಪ್ಪನ ಗಾಡಿಗೆ ಸಿಕ್ಕಿತ್ತು. ಜನ ಕೂತು, ಉಗಿದು, ಕಡಲೆಕಾಯಿ ಸಿಪ್ಪೆ ಚೆಲ್ಲಿ ಹೊಲಸು ಮಾಡಿದ ಮರಳನ್ನು ಎತ್ತಿ ಹೊಸದು ಹರಡಬೇಕು. ಆ ಸಲುಗೆಯಲ್ಲಿ ನಾನೂ ಗೆಳತಿ ಕೆಂಪಿಯೂ ಟಿಕೆಟ್ಟಿಲ್ಲದೆ ಒಳಗೆ ನುಸುಳಿ ಹೆಂಗಸರ ಕಡೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದೆವು. ಒದ್ದೆ ಮರಳು, ಕೂತ ಲಂಗಕ್ಕೆಲ್ಲ ತಂಪು.

ಆ ಸಿನಿಮಾದ ಹೆಸರು ನನಗೆ ಆಗ ಗೊತ್ತಿರಲಿಲ್ಲ. ಮಾತು ತಮಿಳು, ಅರ್ಧಕ್ಕರ್ಧ ತಲೆಯ ಮೇಲೆ ಹೋಗುತ್ತಿತ್ತು. ನಾವು ಅದನ್ನು ಎಲೆಯಡಿಕೆ ಪಿಶಾಚಿ ಸಿನಿಮಾ ಎಂದೇ ಕರೆಯುತ್ತಿದ್ದೆವು. ಒಬ್ಬ ದಢೂತಿ ಜಮೀನ್ದಾರ ಸತ್ತು ರಕ್ತ ಕುಡಿಯುವ ಪಿಶಾಚಿಯಾಗುತ್ತಾನೆ. ಕೋರೆಹಲ್ಲು ಬರುತ್ತದೆ, ಆದರೆ ಪಾಪ, ರಕ್ತ ಕಂಡರೆ ತಲೆ ಸುತ್ತಿ ಬೀಳುವ ಪುಕ್ಕಲ. ಬಾಯಿ ಕೆಂಪಾದರೆ ಜನರಿಗೆ ಅನುಮಾನ ಬರಬಾರದೆಂದು ಮೂರು ಹೊತ್ತೂ ಎಲೆಯಡಿಕೆ ಜಗಿಯುತ್ತಾನೆ. ಪೈಲ್ವಾನನ ಕುತ್ತಿಗೆ ಎಂದು ಕತ್ತಲಲ್ಲಿ ಹಲಸಿನ ಹಣ್ಣಿಗೆ ಬಾಯಿ ಹಾಕುತ್ತಾನೆ, ಹಲ್ಲು ಅಂಟಿಕೊಳ್ಳುತ್ತದೆ. ಟೆಂಟಿಗೆ ಟೆಂಟೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೆದರಿ ಕಣ್ಣು ಮುಚ್ಚಿಕೊಂಡ ಕೆಂಪಿಯೂ ಬೆರಳ ಸಂದಿಯಿಂದ ನೋಡಿ ನಗುತ್ತಿದ್ದಳು.

ನೋಡಿ ಬಂದ ಮಾರನೆಯ ದಿನ ನಮ್ಮ ಜಗಲಿಯ ಮೇಲೆ ನನ್ನ ಆಟ. ಅವ್ವನ ಕರಿ ಸೀರೆ ಹೊದ್ದು, ಬೆಂಡಿನ ಕಡ್ಡಿ ಮುರಿದು ಕೋರೆಹಲ್ಲು ಮಾಡಿಕೊಂಡು, ಅಡಿಕೆಚೂರು ಜಗಿಯುತ್ತ ಕಣ್ಣು ಹೊರಳಿಸುತ್ತಿದ್ದೆ. ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ನೀನಂತೂ ಕಂಬಕ್ಕೆ ಒರಗಿ, ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, "ಅಯ್ ಬುಡೇ ಜಯಿ, ಪಕ್ಕೆ ಇಡ್ಕತು" ಎನ್ನುತ್ತಿದ್ದೆ. ಓಣಿಗೆಲ್ಲ ನೀನು ಸಾಕತ್ತೆ, ಸೂಲಗಿತ್ತಿ; ಅಲ್ಲಿನ ಅಷ್ಟೂ ಮಕ್ಕಳನ್ನು ಮೊದಲು ಕೈಯಲ್ಲಿ ಹಿಡಿದವಳು. ನನ್ನನ್ನೂ. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ನಗುತ್ತಿದ್ದ ನಿನ್ನ ಮುಖ — ಅದು ನನಗೆ ಈಗಲೂ ಹಾಗೇ ಕಾಣುತ್ತದೆ.

ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಗದ್ದೆಯ ಜೊತೆಗೆ ಚಳಿಜ್ವರವೂ ಬಂತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ, ಮುಖ ಬಿಳಿಚಿ ಸುಣ್ಣ. ಸರ್ಕಾರದವರು ಊರೂರಿಗೆ ಬಂದು ಜ್ವರದ ಪರೀಕ್ಷೆಗೆಂದು ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಚೂರಿಗೆ ಸವರಿಕೊಂಡು ಹೋಗುತ್ತಿದ್ದರು. ಪ್ಯಾಂಟು ತೊಟ್ಟ ಗಂಡಸಿಗೆ ಮಗುವಿನ ಕೈ ಕೊಡಲು ಯಾವ ತಾಯಿ ಒಪ್ಪುತ್ತಾಳೆ? ಅವರು ನಿನ್ನನ್ನು ಕರೆದುಕೊಂಡರು. ಚುಚ್ಚುವುದನ್ನು ನಿನಗೇ ಕಲಿಸಿದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಇರುವೆ ಕಚ್ತು, ಇರುವೆ ಕಚ್ತು" ಎನ್ನುತ್ತ ನೀನು ಚುಚ್ಚಿದರೆ ಅದು ಅಳುವಷ್ಟರಲ್ಲಿ ಮುಗಿದಿರುತ್ತಿತ್ತು. ಜ್ವರ ಇದ್ದವರ ಮನೆಗೆ ಆಮೇಲೆ ಕ್ವಿನೈನ್ ಗುಳಿಗೆ ತಂದು ಕೊಡುತ್ತಿದ್ದವಳೂ ನೀನೇ.

ಒಂದು ದಿನ ಗೌರಕ್ಕನ ಮನೆಯ ಬಾಗಿಲಲ್ಲಿ, ಅವಳ ಮಗುವಿನ ಬೆರಳು ಚುಚ್ಚುವಾಗ, ಗಾಜಿನ ಅಂಚು ನಿನ್ನ ಬೆರಳನ್ನು ಕೊಯ್ದಿತು. ನೀನು ಸಟಕ್ಕನೆ ಬೆರಳನ್ನು ಬಾಯಿಗೆ ಇಟ್ಟುಕೊಂಡೆ. ಕುಡುಗೋಲು ತಾಗಿದರೆ, ಈಳಿಗೆಮಣೆ ತಾಗಿದರೆ ನಾವೆಲ್ಲ ಮಾಡುವುದು ಅದನ್ನೇ. ನಾನು ಕಂಡದ್ದು ಇಷ್ಟು, ಸಾಕತ್ತೆ. ಇದಕ್ಕಿಂತ ಒಂದು ಎಳೆಯೂ ಹೆಚ್ಚಿಲ್ಲ.

ಅವತ್ತು ಸಂಜೆಯೇ ನನ್ನ ಪಿಶಾಚಿಗೆ ಹೊಸ ಆಟ ಸೇರಿತು. ಪಿಶಾಚಿ ಮನೆಮನೆಗೆ ಹೋಗಿ, "ಇರುವೆ ಕಚ್ತು" ಎಂದು ಮಕ್ಕಳ ಬೆರಳು ಚುಚ್ಚಿ, ಗಾಜಿಗೆ ಸವರಿ, ಮರೆಗೆ ಹೋಗಿ ಗಾಜು ನೆಕ್ಕುತ್ತದೆ. ಜಗಲಿ ಬಿದ್ದುಹೋಗುವಷ್ಟು ನಗು. ನೀನೂ ನಕ್ಕೆ. ನೀನೇ ಎಲ್ಲರಿಗಿಂತ ಹೆಚ್ಚು ನಕ್ಕೆ — ನಿನ್ನನ್ನು ಕುರಿತದ್ದೆಂದು ನಿನಗೆ ಖುಷಿ.

ಆಮೇಲೆ ಗೌರಕ್ಕನ ಮಗು ತೀರಿಕೊಂಡಿತು. ಆ ಜ್ವರಕ್ಕೇ. ನೀನು ಬೆರಳು ಚುಚ್ಚಿ ಹೋಗಿ ವಾರವೂ ಕಳೆದಿರಲಿಲ್ಲ. ಹೆಣದ ಮುಂದೆ ಗೌರಕ್ಕ, "ರಕ್ತ ಈರ್ಕಂಡ್ಳು, ನನ್ ಕೂಸಿನ ರಕ್ತ ಈರ್ಕಂಡ್ಳು" ಎಂದು ಎದೆ ಬಡಿದುಕೊಂಡಳು. ದುಃಖದಲ್ಲಿ ಆಡಿದ ಮಾತು, ಎರಡು ದಿನ ಬಿಟ್ಟಿದ್ದರೆ ಆರಿಹೋಗುತ್ತಿತ್ತು. ಆದರೆ ಯಾರೋ ನನ್ನ ಆಟವನ್ನು ನೆನಪು ಮಾಡಿದರು. ಸಣ್ಣ ಹುಡುಗಿ, ಕಾಣದೆ ಕಟ್ಟುತ್ತಾಳೆಯೇ ಎಂದರು.

ಅರಳಿಕಟ್ಟೆಯ ಮೇಲೆ ಊರಿನ ಹಿರಿಯರು ಕೂತಿದ್ದರು. ನೀನು ಒಂದು ಕಡೆ ನಿಂತಿದ್ದೆ, ಗಾಬರಿಯೇನೂ ಇರಲಿಲ್ಲ ನಿನ್ನ ಮುಖದಲ್ಲಿ. ನನ್ನನ್ನು ಮುಂದೆ ನಿಲ್ಲಿಸಿ ಪಟೇಲರು ಕೇಳಿದರು:

"ಎದ್ರಬ್ಯಾಡ ಕಣಮ್ಮ. ಸಾಕಿ ಗಾಜು ನೆಕ್ಕಿದ್ದ ನೀ ಕಣ್ಣಾರೆ ಕಂಡ್ಯಾ?"

ನೀನು ನನ್ನ ಕಡೆ ನೋಡಿ ಮೆಲ್ಲಗೆ ನಕ್ಕೆ. ಹೇಳು ಮಗಾ, ಇಲ್ಲ ಅನ್ನು, ಮನೆಗೆ ಹೋಗೋಣ — ಎನ್ನುವ ಹಾಗೆ.

"ಊಂ, ಕಂಡೆ."

ಯಾಕೆ ಹಾಗೆಂದೆ? ಹೆದರಿಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಸುಳ್ಳಲ್ಲ. ಅದು ಬರೀ ಆಟ ಎಂದು ಒಪ್ಪಿಕೊಂಡರೆ ಸತ್ತ ಮಗುವಿನ ಮೇಲೆ ಆಟ ಕಟ್ಟಿದಳೆಂದು ಹೊಡೆಯುತ್ತಾರೆ ಎಂಬ ಹೆದರಿಕೆ. ಆದರೆ ಅದೊಂದೇ ಅಲ್ಲ... ಅಷ್ಟು ಜನ ಗಂಡಸರು ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಜಗಲಿಯ ಮೇಲೆ ಯಾವತ್ತೂ ನನಗೆ ಅಂಥ ಸಭೆ ಸಿಕ್ಕಿರಲಿಲ್ಲ. ನನಗೆ ಅದು ಹಿತವಾಗಿತ್ತು, ಸಾಕತ್ತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಿನ್ನನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಬೇರೆ ಊರಿನವರಾದರೂ ಕೇಳುತ್ತಿದ್ದರು. ನಿನ್ನ ಗಾಜಿನ ಪೆಟ್ಟಿಗೆಯನ್ನು ನಾಲೆಗೆ ಎಸೆದರು. ನೀನು ಕೊಟ್ಟ ಗುಳಿಗೆಗಳನ್ನು ತಿಪ್ಪೆಗೆ ಸುರಿದರು, ನಮ್ಮವ್ವನೂ ಸುರಿದಳು. ಆ ಮಳೆಗಾಲದಲ್ಲಿ ಗುಳಿಗೆ ನುಂಗದೆ ಹೋದ ಮಕ್ಕಳ ಹೆಸರು ನನಗೆ ಗೊತ್ತು, ಇಲ್ಲಿ ಬರೆಯಲಾರೆ. ಹೆರಿಗೆಗೆ ಯಾರೂ ನಿನ್ನನ್ನು ಕರೆಯಲಿಲ್ಲ. ನೀನು ನಡೆದು ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಬೆಳಕವಾಡಿಯ ತಮ್ಮನ ಮನೆಗೆ ಹೊರಟೆ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೊರಗೆ ಬರಲಿಲ್ಲ.

ಬೆಳೆದೆ, ಮದುವೆಯಾದೆ, ಮಂಡ್ಯಕ್ಕೆ ಬಂದೆ. ಇಷ್ಟು ವರ್ಷವೂ ನನ್ನ ಬಳಿ ಒಂದು ಸಮಾಧಾನ ಇತ್ತು. ತಪ್ಪು ನನ್ನದಲ್ಲ, ಸಿನಿಮಾದ್ದು. ಅದರಲ್ಲಿ ಪಿಶಾಚಿ ಬೆರಳು ಚುಚ್ಚಿ ಗಾಜು ನೆಕ್ಕುತ್ತಿತ್ತು, ಅದನ್ನೇ ನಾನು ಮಾಡಿ ತೋರಿಸಿದೆ, ಕೊನೆಗೆ ನಿಜವಾಗಿಯೂ ಕಂಡೆ ಎಂದೇ ನಂಬಿದೆ, ಮಗುವಿನ ಭ್ರಮೆ. ಹೀಗೆ. ನನ್ನ ಗಂಡನಿಗೂ ಹೀಗೇ ಹೇಳಿದ್ದೆ. ಅವರು ಒಳ್ಳೆಯವರು. ಚಿಕ್ಕವಳು, ನಿನಗೇನು ತಿಳಿಯುತ್ತಿತ್ತು ಎಂದಿದ್ದರು.

ಈ ವರ್ಷ ಮಂಡ್ಯದ ಟೆಂಟಿಗೆ ಅದೇ ಸಿನಿಮಾ ಬಂತು. ಹೆಸರಿನಿಂದ ಗುರುತಾಗಲಿಲ್ಲ, ಪ್ರಚಾರದ ಎತ್ತಿನ ಗಾಡಿಗೆ ಕಟ್ಟಿದ್ದ ಚಿತ್ರದ ಕೋರೆಹಲ್ಲು ನೋಡಿ ಗುರುತಾಯಿತು. ಕಂಕುಳಲ್ಲಿ ಮಗು, ಪಕ್ಕದಲ್ಲಿ ಓರಗಿತ್ತಿ, ಹೋದೆ. ಚಿತ್ರ ಗೀರುಬಿದ್ದು ಹಳತಾಗಿತ್ತು, ನಗು ಹಳತಾಗಿರಲಿಲ್ಲ. ಪುಕ್ಕಲ ಪಿಶಾಚಿ ರಕ್ತ ಕಂಡು ಬಿದ್ದ, ಎಲೆಯಡಿಕೆ ಜಗಿದ, ಹಲಸಿನ ಹಣ್ಣು ಕಚ್ಚಿದ. ನಾನೂ ನಕ್ಕೆ. ನಗುತ್ತಲೇ ಗಾಜಿನ ಆಟಕ್ಕೆ ಕಾಯುತ್ತಿದ್ದೆ — ಈಗ ಬರುತ್ತದೆ, ಈಗ ಬರುತ್ತದೆ... ಬರಲಿಲ್ಲ. ದೀಪ ಹತ್ತಿತು, ಜನ ಮರಳು ಕೊಡವಿಕೊಂಡು ಎದ್ದರು.

ರೀಲಿನಲ್ಲಿ ಆ ತುಂಡು ಕತ್ತರಿಸಿಹೋಗಿರಬೇಕು ಎಂದುಕೊಂಡೆ. ಮಾರನೆಯ ದಿನ ಒಬ್ಬಳೇ ಮತ್ತೆ ಹೋದೆ. ಅಕ್ಕಪಕ್ಕದವರು ನಗುತ್ತಿದ್ದರೆ ನಾನು ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದೆ. ಇರಲಿಲ್ಲ. ಪಿಶಾಚಿಯ ಕೈಗೆ ಒಂದು ಸೂಜಿಯನ್ನೂ ಕೊಟ್ಟಿರಲಿಲ್ಲ ಆ ಸಿನಿಮಾ ಮಾಡಿದವರು. ರಕ್ತ ಕಂಡರೆ ಬೀಳುವವನು ಗಾಜು ಹೇಗೆ ನೆಕ್ಕಾನು? ಇಷ್ಟು ಸಣ್ಣ ವಿಷಯ ನನಗೆ ಇಷ್ಟು ವರ್ಷ ಹೊಳೆಯದೆ ಹೋಯಿತೇ — ಹೊಳೆಯಲು ನಾನು ಬಿಡಲಿಲ್ಲವೇ...

ಕೆಂಪಿಯನ್ನು ಮದ್ದೂರಿಗೇ ಕೊಟ್ಟಿದ್ದಾರೆ. ಅವಳ ಮನೆಗೆ ಹೋಗಿ ಕೇಳಿದೆ. ಅವಳು ಮೊರದಲ್ಲಿದ್ದ ಅಕ್ಕಿಯನ್ನು ಆರಿಸುತ್ತಲೇ ಹೇಳಿದಳು:

"ಅದೆಲ್ಲಿತ್ತೇ ಸಿನಿಮಾದಾಗೆ? ನೀನೇ ಅಲ್ವೇನೇ ಕಟ್ಟಿದ್ದು! ಸಾಕತ್ತೆ ಬೆರಳು ಕುಯ್ಕಂಡ್ಳಲ್ಲ, ಅವತ್ತು ದಾರೀಲಿ ಬರ್ತಾ ನಂಗೇ ಏಳ್ದೆ, 'ಇದ ನಮ್ಮ ಪಿಸಾಚಿಗೆ ಸೇರುಸ್ತೀನಿ ನೋಡು' ಅಂತ. ಮರ್ತ್ಬುಟ್ಯಾ?"

ಮರೆತಿದ್ದೆ. ಅವಳು ಹೇಳಿದ ಕೂಡಲೇ ನೆನಪಾಯಿತು. ಆ ದಾರಿ, ಬಿಸಿಲು, ನಾನು ಹಾರಿ ಹಾರಿ ಹೇಳಿದ್ದು. ನನಗೆ ಭ್ರಮೆ ಇರಲಿಲ್ಲ. ಕಟ್ಟೆಯ ಮುಂದೆ "ಕಂಡೆ" ಎಂದಾಗ, ನಾನೇ ಕಟ್ಟಿದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಬಡಪಾಯಿ ಸಿನಿಮಾದ ಮೇಲೆ ಹೊರಿಸಿ ಇಷ್ಟು ಕಾಲ ಅನ್ನ ತಿಂದಿದ್ದೆ, ನಿದ್ದೆ ಮಾಡಿದ್ದೆ.

ಆ ವಾರವೇ ಮಗುವನ್ನು ಎತ್ತಿಕೊಂಡು ಮಳವಳ್ಳಿ ಬಸ್ಸು ಹತ್ತಿ, ಅಲ್ಲಿಂದ ಬೆಳಕವಾಡಿಗೆ ಬಂದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ನೀನು ಮುಖಕ್ಕೆ ಉಗಿಯುತ್ತೀಯ, ಬಾಗಿಲು ಹಾಕಿಕೊಳ್ಳುತ್ತೀಯ, ಅದಕ್ಕೆಲ್ಲ ಸಿದ್ಧಳಾಗಿದ್ದೆ. ನಿನ್ನ ತಮ್ಮನ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದಳು:

"ಕೂಸ ಅವ್ರ ಅತ್ರ ಒಯ್ಬ್ಯಾಡಿ ಕಣಮ್ಮ. ಮಕ್ಕಳ ಮುಟ್ಟಾಕಿಲ್ಲ ಅವ್ರು. ನಮ್ಮನೇಲೇ ಎಲ್ಡು ಉಟ್ಟವೆ, ಒಂದ್ನೂ ಎತ್ಕಳ್ನಿಲ್ಲ."

ನೀನು ಹಿತ್ತಲ ಬಾಗಿಲ ಬಳಿ ಕೂತಿದ್ದೆ. ಎಲೆಯಡಿಕೆ ಬಿಟ್ಟಿದ್ದೀಯ, ತುಟಿ ಬಿಳಿಚಿತ್ತು. ಎರಡೂ ಕೈ ಸೆರಗಿನ ಒಳಗೆ. ನನ್ನ ಗುರುತು ಹಿಡಿದು, "ಜಯೀನಾ? ನಮ್ಮ ಜಯೀನಾ?" ಎಂದು ಮುಖ ಅರಳಿಸಿದೆ. ನಿನ್ನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಗಾಜು ನೆಕ್ಕಿದ್ದನ್ನು ನಾನು ಕಾಣಲಿಲ್ಲ ಅತ್ತೆ, ಸುಳ್ಳು ಹೇಳಿದೆ, ನಾನೇ ಕಟ್ಟಿದ್ದು...

ನೀನು ಸೆರಗನ್ನು ಕೈಗೆ ಇನ್ನಷ್ಟು ಸುತ್ತಿಕೊಂಡೆ. ಆಮೇಲೆ ಹೇಳಿದೆ:

"ಇಲ್ಲ ಕಣವ್ವ, ನೀ ಕಂಡಿದ್ದೀಯ. ಸಣ್ ಮಗ, ಕಾಣ್ದೆ ಏಳ್ತಿದ್ಯಾ? ನಂಗೇ ಗ್ಯಾನ ಇರ್ನಿಲ್ಲ. ಅವತ್ತು ಬೆರಳ ಬಾಯಿಗಿಟ್ಕಂಡೆ ನೋಡು, ಬೆರಳೆಲ್ಲ ರಕ್ತ ಆಗಿತ್ತು. ಅದು ನಂದೋ, ಆ ಕೂಸಿಂದೋ... ಅದೇ ಇರ್ಬೇಕು. ನನ್ ಬಾಯಿಗೆ ಓಗಿ ಆ ಕೂಸಿಗೆ ತಟ್ತೇನೋ."

ಅಲ್ಲ ಅತ್ತೆ, ಅದು ನಿನ್ನದೇ ರಕ್ತ, ಮಗು ಸತ್ತದ್ದು ಜ್ವರಕ್ಕೆ ಎಂದೆ. ಮತ್ತೆ ಮತ್ತೆ ಎಂದೆ. ನೀನು ತಲೆ ಅಲ್ಲಾಡಿಸಿದೆ. ನನ್ನ ಮಗುವನ್ನು ನಿನ್ನ ಮಡಿಲಿಗೆ ಹಾಕಲು ಹೋದರೆ, ಗೋಡೆಗೆ ಅಂಟಿಕೊಂಡು ಹಿಂದೆ ಸರಿದೆ. "ಬ್ಯಾಡ, ಬ್ಯಾಡ ಕಣವ್ವ, ನನ್ ಕೈ ತಾಕಿಸ್ಬ್ಯಾಡ" ಎಂದು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡೆ. ಮಗು ಅಳತೊಡಗಿತು, ನಾನು ಎತ್ತಿಕೊಂಡು ಎದ್ದೆ.

ಹೊರಡುವಾಗ ನೀನು ಹಿಂದಿನಿಂದ ಹೇಳಿದ ಮಾತು: "ಇಷ್ಟು ದೂರ ಬಂದು ನಂಗೆ ಸಮಾಧಾನ ಏಳಾಕೆ ಸುಳ್ಳಾಡ್ತೀಯಲ್ಲ ಮಗಾ. ಒಳ್ಳೇವ್ಳು ಕಣವ್ವ ನೀನು."

ಬಸ್ಸಿನಲ್ಲಿ ಕೂತು ಮನೆಗೆ ಬಂದೆ. ಮಗುವಿಗೆ ಹಾಲು ಕುಡಿಸಿದೆ, ಒಲೆ ಹೊತ್ತಿಸಿದೆ. ಅಂದು ಇಡೀ ಊರು ನನ್ನನ್ನು ನಂಬಿತು. ಇಂದು ನಿಜ ಹೇಳಿದರೆ, ಯಾರಿಗಾಗಿ ಹೇಳಿದೆನೋ ಅವಳೇ ನಂಬುತ್ತಿಲ್ಲ. ನಾನು ಕೊಟ್ಟ ಸುಳ್ಳನ್ನು ನೀನು ನಿನ್ನದೇ ಮಾಡಿಕೊಂಡುಬಿಟ್ಟಿದ್ದೀಯ, ಸಾಕತ್ತೆ. ಕಿತ್ತುಕೊಳ್ಳಲು ನನಗೆ ಕೈಲಾಗುತ್ತಿಲ್ಲ.

ಕ್ಷಮಿಸು ಎನ್ನುವುದಿಲ್ಲ. ಎಂದರೆ ನೀನು ಆಗಲಿ ಎಂದುಬಿಡುತ್ತೀಯ, ನನಗದು ಬೇಡ. ಬರುವ ತಿಂಗಳೂ ಬೆಳಕವಾಡಿಗೆ ಬರುತ್ತೇನೆ, ಅದರ ಮುಂದಿನ ತಿಂಗಳೂ ಬರುತ್ತೇನೆ. ಇದೇ ಮಾತನ್ನು ಹೇಳುತ್ತೇನೆ. ನೀನು ನಂಬಿ, ನನ್ನ ಜುಟ್ಟು ಹಿಡಿದು ಬೈಯುವ ತನಕ ಬರುತ್ತೇನೆ.