ಕೆನ್ನೆಗೆ ಬಂದ ಮುಂಗೈ

ಮೂವತ್ತು ವರ್ಷ ಬಲಗೆನ್ನೆಯಲ್ಲಿ ಹೊಗೆಸೊಪ್ಪಿಗೆ ಆಶ್ರಯ ಕೊಟ್ಟ ನನಗೆ ಅಲ್ಲೇ ಕ್ಯಾನ್ಸರ್ ಬಂದದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಗಂಟನ್ನು ತೆಗೆದು, ಎಡ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತಂದು ಕೆನ್ನೆಯೊಳಗೆ ಹೊಲಿಯುತ್ತೇವೆ, ನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸುತ್ತೇವೆ ಎಂದರು ಡಾಕ್ಟರು. ಜಕ್ಕೂರಿನಲ್ಲಿ ಹೊಲ ಒಡೆದು ಸೈಟು ಮಾಡಿದ ವಂಶ ನಮ್ಮದು. ನೀರಿನ ಕನೆಕ್ಷನ್ ಸಮೇತ ಜಾಗ ಎಂದರೆ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

"ಸೇಫಾ ಸಾರ್?"

"ಸಾಮಾನ್ಯವಾಗಿ ಚೆನ್ನಾಗೇ ಹಿಡಿಯುತ್ತೆ. ಮೊದಲ ಎರಡು ಮೂರು ದಿನ ರಕ್ತ ಓಡಾಡ್ತಿರಬೇಕು, ಅಷ್ಟೇ. ಕುತ್ತಿಗೆಗೆ ಏನೂ ಸುತ್ತಬಾರದು."

ಆಪರೇಷನ್ ಆಯಿತು. ಸಿಸ್ಟರು ಗಂಟೆಗೊಮ್ಮೆ ಟಾರ್ಚ್ ಹಿಡಿದು ಬಾಯೊಳಗೆ ಇಣುಕುತ್ತಿದ್ದರು. ನನ್ನ ಮದುವೆಯಲ್ಲೂ ಈ ಮುಖವನ್ನು ಯಾರೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಕೋಗಿಲಿನಿಂದ ಅಕ್ಕ ಬಂದಳು.

"ಈ ಏಸೀಲಿ ಇಂಗೆ ಬರೀ ಕುತ್ತಿಗೇಲಿ ಮಲಗ್ಸವ್ರಲ್ಲೋ," ಎಂದವಳೇ ಚೀಲದಿಂದ ಮಫ್ಲರ್ ತೆಗೆದು ಎರಡು ಸುತ್ತು ಬಿಗಿದಳು.

ಬಾಯೊಳಗೆಲ್ಲ ಹೊಲಿಗೆ, ಮಾತಾಡುವಂತಿರಲಿಲ್ಲ. ಎಡಗೈಗೆ ಪಟ್ಟಿ, ಬಲಗೈಗೆ ಡ್ರಿಪ್. ಬಿಚ್ಚಲು ಹೋದರೆ ಕೈಗೆ ಏಟು: "ಅಲ್ಲಾಡ್ಬ್ಯಾಡ, ಸೂಜಿ ಕಿತ್ತೋಯ್ತದೆ." ಕೊನೆಗೆ ಪ್ಯಾಡಿನಲ್ಲಿ 'ಸುತ್ತಬಾರದು, ತೆಗಿ' ಎಂದು ಗೀಚಿ ತೋರಿಸಿದೆ.

"ಕನ್ನಡಕ ತಂದಿಲ್ಲ ಕಣೋ. ಆಮೇಲೆ ಓದ್ತೀನಿ."

ಸದ್ಯ, ಅಷ್ಟರಲ್ಲಿ ಟಾರ್ಚಿನ ಗಂಟೆಯಾಯಿತು. ಸಿಸ್ಟರು ನೋಡಿದರು, ಮತ್ತೆ ನೋಡಿದರು. ಹೊಸ ಕೆನ್ನೆ ನೀಲಿಗಟ್ಟುತ್ತಿತ್ತು. ಮಫ್ಲರನ್ನು ಸರಸರ ಬಿಚ್ಚಿ ಡಾಕ್ಟರಿಗೆ ಫೋನ್ ಮಾಡಿದರು.

"ಯಾರ್ ಸುತ್ತಿದ್ದು?"

"ನಾನೇ ಕಣಮ್ಮ. ಥಂಡಿ ಅಂತ."

ಕುತ್ತಿಗೆ ಬಿಗಿದರೆ ಹೋದ ರಕ್ತ ವಾಪಸು ಬರಲ್ಲ, ಚರ್ಮ ಸಾಯುತ್ತೆ ಎಂದರು ಸಿಸ್ಟರು. ಅಕ್ಕ ಮಫ್ಲರನ್ನು ಚೀಲದ ತಳಕ್ಕೆ ತುರುಕಿ ಸ್ಟೂಲಿನ ಮೇಲೆ ಕೂತಳು.

ಡಾಕ್ಟರು ಬಂದು ಹೊಸ ಕೆನ್ನೆಗೆ ಸೂಜಿ ಚುಚ್ಚಿ ನೋಡಿದರು. ಮೊದಲು ಕಪ್ಪು ರಕ್ತ. ಸ್ವಲ್ಪ ಹೊತ್ತು ಬಿಟ್ಟು ಚುಚ್ಚಿದಾಗ ಕೆಂಪು.

"ಸತ್ತೋಯ್ತಾ ಸ್ವಾಮಿ?" ಅಕ್ಕನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

"ಇಲ್ಲಮ್ಮ, ಬದುಕಿದೆ. ಬೇಗ ಗೊತ್ತಾಯ್ತು. ಗಂಟೆಗೊಮ್ಮೆ ನೋಡೋದು ಇದಕ್ಕೇ."

ಸಂಜೆಗೆ ಕೆನ್ನೆ ತನ್ನ ಬಣ್ಣಕ್ಕೆ ಮರಳಿತು. ಹತ್ತು ದಿನ ಮೂಗಿನ ನಳಿಕೆಯಲ್ಲೇ ಊಟ. ಹನ್ನೊಂದನೆಯ ದಿನ ಬೆಳಿಗ್ಗೆ ಡಾಕ್ಟರು ಒಂದು ಚಮಚ ನೀರು ಕುಡಿಸಿ ಹೊಲಿಗೆಯ ಸುತ್ತ ಪರೀಕ್ಷಿಸಿದರು. ಒಂದು ಹನಿಯೂ ಸೋರಲಿಲ್ಲ. ಅಲ್ಲಿಯವರೆಗೆ ವಾಚಿನ ಪಟ್ಟಿಯೊಂದನ್ನೇ ಹೊತ್ತು ಗೊತ್ತಿದ್ದ ಮುಂಗೈಯ ಚರ್ಮ, ಮಧ್ಯಾಹ್ನ ರಾಗಿ ಗಂಜಿಯ ಜವಾಬ್ದಾರಿಯನ್ನೂ ವಹಿಸಿಕೊಂಡಿತು.